ಬಂಕಿನಲ್ಲಿ ಆಕ್ಟೇನ್ ನಂಬರ್ ಕನ್ನಡದಲ್ಲಿ ಬರೆಯಲಿ

ಮಾನ್ಯ ಸಂಪಾದಕರೇ,

ಹೋದ ವಾರ ಇಲ್ಲೇ ದಾವಣಗೆರೆಯ ಒಂದು ಬಂಕಿನಲ್ಲಿ ಸಾವಿರ ರೂಪಾಯಿ ಪೆಟ್ರೋಲ್ ಹಾಕಿಸಿದೆ. ಬಿಲ್ ನೋಡಿದ ಮೇಲೆ ಗೊತ್ತಾಯಿತು, ಹುಡುಗ ಕೇಳದೆಯೇ ಪ್ರೀಮಿಯಂ ಹಾಕಿದ್ದ. ಲೀಟರಿಗೆ 7-8 ರೂಪಾಯಿ ಜಾಸ್ತಿ. ಯಾಕಪ್ಪಾ ಅಂದರೆ, 'ಗಾಡಿಗೆ ಒಳ್ಳೇದು ಸರ್, ಪಿಕಪ್ ಬರುತ್ತೆ' ಅಂದ. ಅವನನ್ನು ಬೈದು ಪ್ರಯೋಜನವಿಲ್ಲ, ಯಾರೋ ಹಾಗೆ ಹೇಳಿಕೊಟ್ಟಿರುತ್ತಾರೆ.

ಈ ಪ್ರೀಮಿಯಂ ಅಂದರೆ ಸಾಮಾನ್ಯವಾಗಿ ಆಕ್ಟೇನ್ ನಂಬರ್ ಜಾಸ್ತಿ ಇರುವ ಪೆಟ್ರೋಲ್. ಆದರೆ ಆಕ್ಟೇನ್ ಅಂದರೆ ಪೆಟ್ರೋಲಿನ ಶಕ್ತಿ ಅಲ್ಲ. ಸಿಲಿಂಡರ್ ಒಳಗೆ ಒತ್ತಡ, ಬಿಸಿ ಏರಿದಾಗ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಅನ್ನುವ ಅಳತೆ. ತಡೆಯದಿದ್ದರೆ ನಾಕಿಂಗ್. ಐದು ಜನ ಕೂತು ಚಿತ್ರದುರ್ಗದ ಜೋಗಿಮಟ್ಟಿ ಹತ್ತುವಾಗ ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದರೆ, ಡಬ್ಬಿಯಲ್ಲಿ ಗೋಲಿ ಹಾಕಿ ಅಲ್ಲಾಡಿಸಿದ ಹಾಗೆ ಬಾನೆಟ್ ಕೆಳಗೆ ಟಕಟಕ ಅನ್ನುತ್ತದಲ್ಲ, ಅದೇ. ಟರ್ಬೊ ಇರುವ, ಕಂಪ್ರೆಷನ್ ಜಾಸ್ತಿ ಇರುವ ಕೆಲವು ಎಂಜಿನ್‌ಗಳಿಗೆ ಹೆಚ್ಚಿನ ಆಕ್ಟೇನ್ ನಿಜಕ್ಕೂ ಬೇಕು. ನನ್ನದು ಹಳೆಯ ಸಣ್ಣ ಕಾರು, ಅದರ ಪುಸ್ತಕದಲ್ಲಿ 91 ಸಾಕು ಅಂತಿದೆ. ಆರು ತಿಂಗಳು ಪ್ರೀಮಿಯಂ ಹಾಕಿಸಿ ಡೈರಿಯಲ್ಲಿ ಮೈಲೇಜ್ ಬರೆದು ನೋಡಿದ್ದೇನೆ. ಏನೂ ವ್ಯತ್ಯಾಸವಿಲ್ಲ, ಸುಮ್ನೆ ದುಡ್ಡು ಹೋಯಿತು.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತೇ ಇಲ್ಲ. ಈಗ ಮಾಮೂಲಿ ಪೆಟ್ರೋಲಿನಲ್ಲೂ ಶೇ 20ರವರೆಗೆ ಎಥೆನಾಲ್ ಬೆರೆಸುತ್ತಾರೆ. ಕಬ್ಬು, ಅಕ್ಕಿ, ನಮ್ಮ ಕಡೆ ಹೊಲಗಳ ತುಂಬ ಕಾಣುವ ಮೆಕ್ಕೆಜೋಳ, ಇವುಗಳಿಂದ ಮಾಡುವ ಈ ಎಥೆನಾಲ್‌ನ ಆಕ್ಟೇನ್ 108ರ ಆಸುಪಾಸು. ಹಾಗಾಗಿ ಇ20, ಅಂದರೆ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನ ಆಕ್ಟೇನ್ 95ರ ಹತ್ತಿರ ಬರುತ್ತದೆ. ಅಂದರೆ '95' ಅಂತ ಬೋರ್ಡ್ ಹಾಕಿ ದುಬಾರಿಗೆ ಮಾರುವ ಪೆಟ್ರೋಲಿಗೂ ಇದಕ್ಕೂ ಆ ನಂಬರಿನಲ್ಲಿ ದೊಡ್ಡ ಅಂತರವೇನಿಲ್ಲ, ಅಲ್ವಾ? ಹಾಗಂತ ಹಳೇ ಗಾಡಿಯವರು ನಿಶ್ಚಿಂತೆಯಾಗಿ ಇರುವಂತಿಲ್ಲ. ಎಥೆನಾಲ್‌ಗೆಂದು ತಯಾರಾಗದ ರಬ್ಬರ್ ಪೈಪು, ಸೀಲುಗಳು ಬೇಗ ಹಾಳಾಗಬಹುದು, ಮೈಲೇಜೂ ಸ್ವಲ್ಪ ಇಳಿಯುತ್ತದೆ. ಇದಕ್ಕೂ ಆಕ್ಟೇನ್‌ಗೂ ಸಂಬಂಧವಿಲ್ಲ. ಪೆಟ್ರೋಲ್ ಮುಚ್ಚಳದ ಒಳಗಿನ ಸ್ಟಿಕ್ಕರನ್ನೋ ಗಾಡಿಯ ಪುಸ್ತಕವನ್ನೋ ಒಮ್ಮೆ ಓದಿ, ಅದರಲ್ಲಿ ಹೇಳಿದ್ದನ್ನೇ ಹಾಕಿಸಿ.

ಆದರೆ ಗಾಡಿಯಲ್ಲಿ ಬರೆದಿದ್ದನ್ನು ಓದಿಕೊಂಡು ಹೋದರೂ ಪಂಪಿನ ಮೇಲೆ ಬರೆದಿರಬೇಕಲ್ಲ! ನಾನು ಹೋದ ಬಂಕಿನಲ್ಲಿ ಬಣ್ಣಬಣ್ಣದ ಇಂಗ್ಲಿಷ್ ಹೆಸರುಗಳಿದ್ದವು, ಮಾಮೂಲಿ ಪೆಟ್ರೋಲಿನ ಆಕ್ಟೇನ್ ಎಷ್ಟು ಅಂತ ಎಲ್ಲೂ ಇರಲಿಲ್ಲ. ಪ್ರತಿ ನಾಜಲ್ ಪಕ್ಕದಲ್ಲೂ ಆಕ್ಟೇನ್ ಎಷ್ಟು, ಎಥೆನಾಲ್ ಶೇಕಡಾ ಎಷ್ಟು ಅಂತ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಸಲಿ, ಪ್ರೀಮಿಯಂ ಹಾಕುವ ಮುಂಚೆ ಗಿರಾಕಿಯನ್ನು ಕೇಳಲಿ. ಜಿಲ್ಲಾಡಳಿತ ಮತ್ತು ತೈಲ ಕಂಪನಿಗಳು ಇದನ್ನು ಬೇಗ ಮಾಡಿಸಬೇಕೆಂದು ಕೇಳಿಕೊಳ್ಳುತ್ತೇನೆ.

– ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ