ನಾಲ್ಕನೇ ದಿನ ಯಾಕೆ ಹೋದೆ ಎಂದು ಕೇಳಿದ ಮಗಳಿಗೆ

ಪ್ರೀತಿಯ ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. "ಮೂರನೇ ದಿನವೇ ಅಷ್ಟು ಹಿಂದೆ ಬಿದ್ದಿದ್ದೆಯಲ್ಲ, ಮತ್ಯಾಕಮ್ಮ ನಾಲ್ಕನೇ ದಿನ ಹೋದೆ?" ಅಂದೆ. ಆಗ ಮಾತಾಡಲೂ ತ್ರಾಣ ಇರಲಿಲ್ಲ. ಈಗ ಬರೆಯುತ್ತೇನೆ.

ನಮ್ಮದು ನಾಲ್ಕು ಹಂತದ ಸೈಕಲ್ ರೇಸ್. ದಿನಕ್ಕೊಂದು ಸ್ಟೇಜ್, ನಾಲ್ಕೂ ದಿನದ ಸಮಯ ಕೂಡಿಸಿದಾಗ ಯಾರದು ಕಡಿಮೆಯೋ ಅವರು ಗೆದ್ದಂತೆ. ಒಂದೇ ದಿನದ ರೇಸಿನಲ್ಲಿ ಮೈಯಲ್ಲಿರುವುದನ್ನೆಲ್ಲ ಸುರಿದು ಬರಬಹುದು. ಇಲ್ಲಿ ಇವತ್ತಿನ ಸಾಲವನ್ನು ನಾಳೆಯ ಕಾಲು ತೀರಿಸಬೇಕು. ಒಂದೊಂದು ಸೆಕೆಂಡಿಗೂ ಎಷ್ಟು ಬೆಲೆ ಎಂಬುದು ನಿನಗೂ ಗೊತ್ತು. 2024ರ ಮಹಿಳೆಯರ ಟೂರ್ ಡಿ ಫ್ರಾನ್ಸ್‌ನಲ್ಲಿ ಎಂಟು ಹಂತಗಳು ಮುಗಿದ ಮೇಲೆ ಕಾಶಾ ನಿವಿಯಾದೊಮಾ ಡೆಮಿ ವೋಲೆರಿಂಗ್‌ಗಿಂತ ಮುಂದಿದ್ದದ್ದು ಬರೀ 4 ಸೆಕೆಂಡ್. ಆಲ್ಪ್ ದುಯೆಝ್ ಎಂಬ ಬೆಟ್ಟದ ಏರಿನ ಕೊನೆಯ ತಿರುವುಗಳಲ್ಲಿ ನೀನು ಸೋಫಾ ಬಿಟ್ಟು ಟಿವಿಯ ಮುಂದೆ ಹೋಗಿ ಕೂತಿದ್ದು ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ.

ಮೊದಲ ದಿನ ಟೈಮ್ ಟ್ರಯಲ್. ಒಬ್ಬೊಬ್ಬರೇ ಹೊರಡುವುದು, ಒಬ್ಬೊಬ್ಬರೇ ಬರುವುದು. ಅದು ಚೆನ್ನಾಗೇ ಆಯಿತು.

ತಪ್ಪಾದದ್ದು ಎರಡನೇ ದಿನ, ಅದೂ ನನಗೆ ಗೊತ್ತೇ ಆಗದಂತೆ. ಸಮತಟ್ಟು ರಸ್ತೆ, ಎಲ್ಲರೂ ಒಂದೇ ಗುಂಪಿನಲ್ಲಿ, ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ. ಗಂಟೆಗೆ 40 ಕಿ.ಮೀ. ವೇಗದಲ್ಲಿ ನಮ್ಮ ಶಕ್ತಿಯ ಬಹುಪಾಲು ಗಾಳಿ ಸೀಳುವುದಕ್ಕೇ ಹೋಗುತ್ತದೆ. ಮುಂದಿನವರ ಹಿಂಚಕ್ರಕ್ಕೆ ಅರ್ಧ ಮೀಟರ್ ದೂರದಲ್ಲಿ ಅಂಟಿಕೊಂಡರೆ ಆ ಗಾಳಿಯನ್ನು ಅವರು ತಿನ್ನುತ್ತಾರೆ, ನಮಗೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಅದೆಲ್ಲ ನನಗೆ ಗೊತ್ತಿತ್ತು, ಅಂಟಿಕೊಂಡೆ. ಆದರೆ ಹ್ಯಾಂಡಲ್‌ನಿಂದ ಕೈ ತೆಗೆಯಲು ಧೈರ್ಯ ಬರಲಿಲ್ಲ. ಒಂದು ಕ್ಷಣ ಅಲುಗಾಡಿದರೂ ನನ್ನ ಹಿಂದಿನ ಹತ್ತು ಜನ ಬೀಳುತ್ತಾರೆ ಎಂಬ ಭಯ. ಬೆನ್ನಿನ ಜೇಬಿನಲ್ಲಿ ತಿನಿಸು ಇತ್ತು, ಬಾಟಲಿಯಲ್ಲಿ ನೀರು ಇತ್ತು. ಎರಡೂ ಅಲ್ಲೇ ಉಳಿದವು. ಗುಂಪಿನ ಜೊತೆಗೇ ಗೆರೆ ದಾಟಿದೆ, ಅವರಿಗೆ ಸಿಕ್ಕ ಸಮಯವೇ ನನಗೂ ಸಿಕ್ಕಿತು. ಆ ರಾತ್ರಿ ಬಹಳ ಖುಷಿಯಿಂದ ಮಲಗಿದೆ.

ಸ್ನಾಯುಗಳಲ್ಲಿ ಕೂಡಿಟ್ಟ ಗ್ಲೈಕೋಜೆನ್, ಅಂದರೆ ಶ್ರಮಕ್ಕೆ ಬೇಕಾದ ಇಂಧನ, ಬರಿದಾದರೆ ಮತ್ತೆ ಪೂರ್ತಿ ತುಂಬಲು ಹೆಚ್ಚುಕಮ್ಮಿ ಒಂದು ದಿನ ಹಿಡಿಯುತ್ತದೆ. ಮರುದಿನದ ಸ್ಟಾರ್ಟ್ ಅಷ್ಟು ಹೊತ್ತು ಕಾಯುವುದಿಲ್ಲ. ಹಾಗಾಗಿ ಗಂಟೆಗೆ 60 ಗ್ರಾಂನಷ್ಟಾದರೂ ಕಾರ್ಬೋಹೈಡ್ರೇಟ್ ಸೈಕಲ್ ಮೇಲೆಯೇ ಹೊಟ್ಟೆಗೆ ಹೋಗಬೇಕು, ಅದೂ ಹಸಿವಾಗುವ ಮೊದಲೇ. ಅದನ್ನು ನಾನು ಓದಿ ತಿಳಿದಿದ್ದೆ, ಮೈಗೆ ತಿಳಿದದ್ದು ಮೂರನೇ ದಿನದ ಏರಿನಲ್ಲಿ.

ಏರು ಶುರುವಾಗಿ ಸ್ವಲ್ಪ ಹೊತ್ತಿಗೆ ಮುಂದಿನವರ ಚಕ್ರಕ್ಕೂ ನನ್ನದಕ್ಕೂ ನಡುವೆ ಒಂದು ಮೀಟರ್ ಬಿತ್ತು. ಕಾಲಿಗೆ ನೋವಿಲ್ಲ, ಉಬ್ಬಸವೂ ಇಲ್ಲ, ಸುಮ್ಮನೆ ಬಲವೇ ಇಲ್ಲ. ಒಂದು ಮೀಟರ್ ಐದಾಯಿತು. ಐದಾದ ಮೇಲೆ ಗಾಳಿಯೂ ನನ್ನ ಪಾಲಿಗೇ ಬಂತು. ತಿರುವು ದಾಟುವಷ್ಟರಲ್ಲಿ ಗುಂಪು ಕಾಣಿಸಲಿಲ್ಲ. ಹಿಂದಿನಿಂದ, ಎಲ್ಲರಿಗಿಂತ ಹಿಂದೆ ಬರುವ ಕೊನೆಯ ವಾಹನದ ಎಂಜಿನ್ ಸದ್ದು ಕೇಳಿಸುತ್ತಿತ್ತು. ಆ ಸದ್ದು ಹತ್ತಿರವೂ ಬರದು, ದೂರವೂ ಹೋಗದು. ನಾನು ಅತ್ತೆ, ಪುಟ್ಟಿ. ನಿನ್ನಿಂದ ಮುಚ್ಚಿಡುವುದಿಲ್ಲ.

ಆಮೇಲೆ ಹಿಂದಿನಿಂದ ಇಬ್ಬರು ಬಂದರು, ನನ್ನ ಹಾಗೆಯೇ ಗುಂಪಿನಿಂದ ಉದುರಿದವರು. ಒಬ್ಬಾಕೆ ನನ್ನ ಪಕ್ಕಕ್ಕೆ ಬಂದು ಮುಖ ನೋಡಿ, "ಏನಾದ್ರೂ ತಿಂದ್ರಾ?" ಎಂದು ಕೇಳಿದರು. ಇಲ್ಲ ಅಂದೆ. "ನನ್ನ ಹಿಂದೆ ಬನ್ನಿ. ಈಗ ಕೈ ತೆಗೀರಿ. ನಾವು ಮೂರೇ ಜನ, ಯಾರೂ ಬೀಳಲ್ಲ" ಅಂದರು. ಅವರ ಬೆನ್ನ ಮೇಲೇ ಕಣ್ಣಿಟ್ಟು ಜೇಬಿಗೆ ಕೈ ಹಾಕಿದೆ. ಸೈಕಲ್ ಓಲಾಡಿತು, ಮತ್ತೆ ನೆಟ್ಟಗಾಯಿತು. ತಿನ್ನುವ ಜೆಲ್ಲಿನ ಪೊಟ್ಟಣದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದೆ. ಎರಡನೆಯದನ್ನು ತೆಗೆಯುವಾಗ ಓಲಾಡಲಿಲ್ಲ. ಮೂರನೇ ಸಲಕ್ಕೆ ಕೆಳಗೆ ನೋಡದೆಯೇ ಬಾಟಲಿ ತೆಗೆದು ಕುಡಿದು ವಾಪಸ್ ಇಟ್ಟೆ.

ಅಲ್ಲಿಂದ ಮೂವರೂ ಸರದಿಯ ಮೇಲೆ ಮುಂದೆ ನಿಂತು ಗಾಳಿ ತಡೆದೆವು. ಇಂಥ ರೇಸಿನಲ್ಲಿ ಗೆದ್ದವರ ಸಮಯದ ಮೇಲೆ ಇಂತಿಷ್ಟು ಶೇಕಡಾ ಎಂದು ಗಡುವು ಇರುತ್ತದೆ, ಅದು ಮೀರಿದರೆ ಮರುದಿನ ಹೊರಡುವಂತಿಲ್ಲ. ಗಡುವಿಗೆ ಇನ್ನು ಮೂರು ನಿಮಿಷ ಇರುವಾಗ ಗೆರೆ ದಾಟಿದೆವು. 1924ರಲ್ಲಿ ಇಟಲಿಯ ಹಲವು ಹಂತಗಳ ಸೈಕಲ್ ರೇಸ್ ಜೀರೋ ದಿ'ಇಟಾಲಿಯಾದಲ್ಲಿ ಸ್ಪರ್ಧಿಸಿದ ಅಲ್ಫೊನ್ಸಿನಾ ಸ್ತ್ರಾದಾ ಎಂಬಾಕೆಯ ಕತೆ ಅವತ್ತು ರಾತ್ರಿ ನೆನಪಾಯಿತು. ಅಷ್ಟೂ ಗಂಡಸರ ನಡುವೆ ಆಕೆಯೊಬ್ಬಳೇ ಹೆಂಗಸು. ಒಂದು ಸ್ಟೇಜಿನಲ್ಲಿ ಗಡುವು ಮೀರಿ ಪಟ್ಟಿಯಿಂದ ಹೆಸರು ಹೋಯಿತು. ಆದರೂ ಆಕೆ ಮಿಲಾನ್‌ವರೆಗೆ ಸೈಕಲ್ ತುಳಿದೇ ತುಳಿದಳು. ನನಗಾದರೋ ಪಟ್ಟಿಯಲ್ಲಿ ಇನ್ನೂ ಹೆಸರಿತ್ತು.

ಆದರೆ ನಾಲ್ಕನೇ ದಿನ ನಾನು ಹೋದದ್ದು ಆಕೆಯನ್ನು ನೆನೆದು ಅಲ್ಲ. ಹ್ಯಾಂಡಲ್‌ನಿಂದ ಹಾಗೆ ಕೈ ತೆಗೆಯುವುದು ಗುಂಪಿನ ನಡುವೆಯೂ ಬರುತ್ತದೆಯೇ ಎಂದು ನನಗೆ ತಿಳಿಯಬೇಕಿತ್ತು. ಅದನ್ನು ಬೇರೆಲ್ಲೂ ನೋಡಲು ಆಗುವುದಿಲ್ಲ.

ಬಂತು, ಪುಟ್ಟಿ. ಇಪ್ಪತ್ತು ನಿಮಿಷಕ್ಕೊಮ್ಮೆ ತಿಂದೆ, ಎಡಕ್ಕೂ ಬಲಕ್ಕೂ ಜನ ಇರುವಾಗಲೇ. ಕೊನೆಯ ಏರಿನಲ್ಲಿ ಹಿಂದಿನ ದಿನದಂಥದೇ ಒಂದು ಮೀಟರ್ ಮತ್ತೆ ಬಿತ್ತು. ಸೀಟಿನಿಂದ ಎದ್ದು ನಿಂತು ತುಳಿದೆ, ಆ ಮೀಟರ್ ಮುಚ್ಚಿತು. ಗುಂಪಿನ ಜೊತೆಗೇ ಮುಗಿಸಿದೆ. ಒಟ್ಟು ಪಟ್ಟಿಯಲ್ಲಿ ನಾನು ಕೊನೆಯಿಂದ ಮೂರನೆಯವಳು, ನನ್ನ ಕೆಳಗೆ ಆ ಇಬ್ಬರು. ಮೂವರೂ ಒಟ್ಟಿಗೆ ನಿಂತ ಫೋಟೊ ಇದರ ಜೊತೆ ಇಟ್ಟಿದ್ದೇನೆ. ನಡುವೆ ಇರುವವರೇ "ತಿಂದ್ರಾ" ಎಂದು ಕೇಳಿದವರು.

ನೀನು ಏಳು ವರ್ಷದವಳಿದ್ದಾಗ ಒಂದು ಕೈ ಬಿಟ್ಟು ಸೈಕಲ್ ಹೊಡೆದದ್ದಕ್ಕೆ ನಾನು ಬೈದಿದ್ದೆ. ಆಮೇಲೆ ನೀನು ಹಾಗೆ ಓಡಿಸಿದ್ದನ್ನು ನಾನು ನೋಡಲಿಲ್ಲ. ರಜೆಗೆ ಬಂದಾಗ ನಿನ್ನ ಸೈಕಲ್‌ಗೆ ಗಾಳಿ ತುಂಬಿಸಿಟ್ಟಿರುತ್ತೇನೆ.

ನಿನ್ನ
ಅಮ್ಮ