ರಸೀದಿ ಹರಿಯುವ ಕೈಯಲ್ಲಿ ಮಾಸ್ಕ್ ಇರಲಿ: ಆರೋಗ್ಯ ಸಚಿವರಿಗೆ ಟೈಲರ್ ಒಬ್ಬಳ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ ಸರ್. ಮಧ್ಯ ಕರ್ನಾಟಕದ ಒಂದು ಊರಲ್ಲಿ ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ರವಿಕೆ, ಚೂಡಿದಾರ, ಶಾಲೆ ಯೂನಿಫಾರಂ ಹೊಲಿಯುತ್ತೇನೆ. ಸೀರೆಗೆ ಫಾಲ್ ಹಚ್ಚುತ್ತೇನೆ. ಕೊರೊನಾ ಬಂದ 2020ರಲ್ಲಿ ಆರು ತಿಂಗಳು ಬರೀ ಮಾಸ್ಕ್ ಹೊಲಿದೆ. ಹಾಗಾಗಿ ಮಾಸ್ಕ್ ವಿಷಯದಲ್ಲಿ ನಾಲ್ಕು ಮಾತು ಹೇಳಲು ನನಗೂ ಹಕ್ಕಿದೆ ಅಂದುಕೊಂಡು ಬರೆಯುತ್ತಿದ್ದೇನೆ.

ಈಗ ಯಾಕೆ ಈ ವಿಷಯ ಅಂತ ನೀವು ಕೇಳಬಹುದು. ಈಗ ಯಾರಿಗೂ ಗಡಿಬಿಡಿ ಇಲ್ಲ, ಯಾರೂ ಯಾರ ಮೇಲೂ ರೇಗುತ್ತಿಲ್ಲ. ಅದಕ್ಕೇ ಈಗ. ಕಾಯಿಲೆ ಬಾಗಿಲಿಗೆ ಬಂದು ನಿಂತ ಮೇಲೆ ಬರೆಯುವ ಆದೇಶ ಹೇಗಿರುತ್ತದೆ ಅನ್ನುವುದನ್ನು ನಾವು ಒಂದು ಸಲ ನೋಡಿದ್ದೇವೆ. ಬೆಂಗಳೂರಲ್ಲಿ 2020ರ ಮೇ ತಿಂಗಳಲ್ಲಿ ಮಾಸ್ಕ್ ಹಾಕದಿದ್ದರೆ ದಂಡ 1000 ರೂಪಾಯಿ ಅಂದರು, ಕೆಲವೇ ದಿನದಲ್ಲಿ 200ಕ್ಕೆ ಇಳಿಸಿದರು. ಅಕ್ಟೋಬರ್ ಹೊತ್ತಿಗೆ ಇಡೀ ರಾಜ್ಯಕ್ಕೆ ಅಂತ ನಗರದಲ್ಲಿ 1000, ಹಳ್ಳಿಯಲ್ಲಿ 500 ಮಾಡಿದರು. ಜನ ಕೂಗಾಡಿದ ಮೇಲೆ ವಾರದೊಳಗೆ ಅದು 250 ಮತ್ತು 100 ಆಯಿತು. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ಒಂದು ದಿನದ ಕೂಲಿ 275 ರೂಪಾಯಿ ಇತ್ತು. ಮೂರು ಪದರದ ಮಾಸ್ಕ್‌ಗೆ 10 ರೂಪಾಯಿ ಮೀರಬಾರದು ಅಂತ ಕೇಂದ್ರ ಸರ್ಕಾರವೇ ಮಾರ್ಚ್‌ನಲ್ಲಿ ದರ ಕಟ್ಟಿತ್ತು. ಅಂದರೆ ಸಾವಿರ ರೂಪಾಯಿಯ ಒಂದು ದಂಡದ ದುಡ್ಡಲ್ಲಿ ನೂರು ಮಾಸ್ಕ್ ಬರುತ್ತಿತ್ತು. ಈ ಲೆಕ್ಕ ಮಾಡಲು ದೊಡ್ಡ ಓದು ಬೇಕಿಲ್ಲ ಅಲ್ವಾ ಸರ್?

ಆ ಸಾವಿರ ರೂಪಾಯಿಯ ವಾರದಲ್ಲಿ ನಮ್ಮ ಅಂಗಡಿ ಎದುರು ನಡೆದದ್ದನ್ನು ಹೇಳುತ್ತೇನೆ. ನಮ್ಮ ಬೀದಿಗೆ ದಿನಾ ಬೆಳಿಗ್ಗೆ ಸೊಪ್ಪಿನ ಅಜ್ಜಿ ಒಬ್ಬರು ಬರುತ್ತಾರೆ. ಸಬ್ಬಸಿಗೆ, ಮೆಂತ್ಯ, ಪಾಲಕ್. ಬುಟ್ಟಿ ಪೂರ್ತಿ ಖಾಲಿಯಾದರೂ ಕೈಗೆ ಮುನ್ನೂರು ಸಿಕ್ಕರೆ ಹೆಚ್ಚು. ಅವತ್ತು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೇ ಬಂದಿದ್ದರು. ದಂಡ ಹಾಕುವವರು ಇಬ್ಬರು ಬೈಕಲ್ಲಿ ಬಂದು ನಿಲ್ಲಿಸಿದರು. ಸೆರಗು ನಡೆಯಲ್ಲ, ಮಾಸ್ಕ್ ಎಲ್ಲಿ ಅಂದರು. ಅಜ್ಜಿ ಗಾಬರಿಯಲ್ಲಿ ಬುಟ್ಟಿ ಇಳಿಸಿ ಎರಡೂ ಕೈ ಮುಗಿದು ನಿಂತರು. ಕೈ ಮುಗಿದಾಗ ಸೆರಗು ಜಾರಿತು. "ನೋಡಿ, ಬಾಯಿ ತೆಗೆದೇ ಇದೆ" ಅಂತ ಅದನ್ನೂ ತಪ್ಪಿನ ಲೆಕ್ಕಕ್ಕೆ ಸೇರಿಸಿದರು. ನಾವು ಬೀದಿಯವರೆಲ್ಲ ಸೇರಿ ಬೇಡಿಕೊಂಡ ಮೇಲೆ ಬಿಟ್ಟು ಹೋದರು. ನಾನು ಒಳಗಿಂದ ಎರಡು ಮಾಸ್ಕ್ ತಂದು ಕೊಟ್ಟೆ. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ಅವ್ರೇ ಇದನ್ನ ಕೊಟ್ಟಿದ್ರೆ ಆಗ್ತಿರ್ಲಿಲ್ವೇನವ್ವಾ?"

ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಪ್ರಶ್ನೆಗಾಗಿ.

ಹಾಗಂತ ಮಾಸ್ಕ್ ಬೇಡ ಅನ್ನುವವಳು ನಾನಲ್ಲ. ಖಂಡಿತ ಅಲ್ಲ. ದೇಶದಲ್ಲಿ ಈ ಕಾಯಿಲೆಗೆ ಮೊದಲ ಸಾವು ಆದದ್ದೇ ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಮುಂದಿನ ವರ್ಷ ಮೇನಲ್ಲಿ ಆಸ್ಪತ್ರೆ ಬೆಡ್‌ಗಾಗಿ ಜನ ಹೇಗೆ ಓಡಾಡಿದರು ಅನ್ನುವುದನ್ನು ನೀವೂ ಕಂಡಿದ್ದೀರಿ, ನಾವೂ ಕಂಡಿದ್ದೇವೆ. ಬಾಯಿಯಿಂದ, ಮೂಗಿಂದ ಹೊರಬರುವ ಸಣ್ಣ ಹನಿ ಮತ್ತು ಗಾಳಿಯಿಂದ ಹರಡುವ ಕಾಯಿಲೆಗೆ ಬಾಯಿ, ಮೂಗು ಮುಚ್ಚಿಕೊಳ್ಳುವುದು ಬುದ್ಧಿವಂತರ ಕೆಲಸ. ನಾನು ಹೇಳುತ್ತಿರುವುದು ಬೇರೆ. ಜನರ ಜಗಳವನ್ನು ನೀವು "ಹಾಕುವವರು" ಮತ್ತು "ಹಾಕದವರು" ಅಂತ ಎರಡು ಗುಂಪು ಮಾಡಿ ನೋಡಿದಿರಿ. ಅಂಗಡಿ ಕಟ್ಟೆಯಲ್ಲಿ ಕೂತು ನೋಡಿದ ನನಗೆ ಅದು ಹಾಗೆ ಕಾಣಲಿಲ್ಲ.

ನನ್ನ ಭಾವನವರ ವಿಷಯವನ್ನೇ ತಗೊಳ್ಳಿ. ಮೆಕ್ಕೆಜೋಳದ ವ್ಯಾಪಾರ ಅವರದು. ಮಾಸ್ಕ್ ಅಂದರೆ ಉರಿದು ಬೀಳುತ್ತಿದ್ದರು. ಎರಡು ಸಲ ದಂಡ ಕಟ್ಟಿದರು. ಅದರಿಂದ ಅವರು ಕಲಿತದ್ದು ಒಂದೇ: ಪೊಲೀಸರು ಕಂಡರೆ ಮಾಸ್ಕ್ ಮೇಲೆ, ದಾಟಿದರೆ ಗಡ್ಡಕ್ಕೆ. ಬೀದಿಯಲ್ಲಿ, ಬಯಲಲ್ಲಿ ಹಾಕುತ್ತಿದ್ದರು, ಯಾಕೆಂದರೆ ಹಿಡಿಯುವವರು ಅಲ್ಲೇ ಇದ್ದದ್ದು. ಬಾಗಿಲು ಮುಚ್ಚಿದ ಗೋದಾಮಿನ ಆಫೀಸಲ್ಲಿ ಹತ್ತು ಜನರ ಮಧ್ಯೆ ಕೂತು ಲೆಕ್ಕ ಬರೆಯುವಾಗ ತೆಗೆದಿಡುತ್ತಿದ್ದರು. ಅಂದರೆ ಎಲ್ಲಿ ಬೇಕೋ ಅಲ್ಲಿ ಇಲ್ಲ, ಎಲ್ಲಿ ಅಷ್ಟಾಗಿ ಬೇಡವೋ ಅಲ್ಲಿ ಇದೆ. ದಂಡ ಅವರಿಗೆ ಪೊಲೀಸರ ಭಯ ಕಲಿಸಿತು, ಕಾಯಿಲೆಯ ದಾರಿ ಕಲಿಸಲಿಲ್ಲ.

2021ರ ಮೇನಲ್ಲಿ ಅವರು ಹನ್ನೊಂದು ದಿನ ಆಕ್ಸಿಜನ್ ಮೇಲಿದ್ದರು. ದೇವರ ದಯೆ, ಉಳಿದರು. ವಾಪಸ್ ಬಂದ ಮೇಲೆ ಒಂದು ದಿನ ಅಂಗಡಿಗೆ ಬಂದು ಸ್ಟೂಲ್ ಮೇಲೆ ಕೂತು, "ಎಲ್ರೂ ಬೈದ್ರು ಕಣಮ್ಮ, ಕೂರಿಸಿಕೊಂಡು ಒಬ್ಬರೂ ಹೇಳ್ಲಿಲ್ಲ" ಅಂದರು. ಹೇಳಿದ್ದರೆ ಕೇಳುತ್ತಿದ್ದರಾ? ನನಗೆ ಈಗಲೂ ಖಾತ್ರಿ ಇಲ್ಲ. ಆದರೆ ಬೈದವರಲ್ಲಿ ನಾನೂ ಒಬ್ಬಳು ಅನ್ನುವುದು ಮನಸ್ಸಲ್ಲಿ ಚುಚ್ಚುತ್ತಲೇ ಇದೆ.

ಇನ್ನು ಮಾಸ್ಕ್ ಒಲ್ಲೆ ಅಂದವರೆಲ್ಲ ಹಟಮಾರಿಗಳಲ್ಲ ಸರ್. ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲರು ನನ್ನ ಹತ್ತಿರ ಬಂದು "ಅಕ್ಕಾ, ಉಸಿರು ಕಟ್ಟುತ್ತೆ" ಅನ್ನುತ್ತಿದ್ದರು. ಸುಮ್ನೆ ನೆಪ ಅಂತ ಅವರಿಗೂ ದಂಡ ಬಿತ್ತು. ಮೈ ಬಗ್ಗಿಸಿ ಜೋರು ವ್ಯಾಯಾಮ ಮಾಡುವಾಗ ಮಾಸ್ಕ್ ಹಾಕಬೇಡಿ, ದೂರ ಇರಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿತ್ತು. ಮೂಟೆ ಹೊರುವುದು ವ್ಯಾಯಾಮಕ್ಕಿಂತ ಕಡಿಮೆಯಾ? ಐದು ವರ್ಷದವರೆಗಿನ ಮಕ್ಕಳಿಗೆ ಕಡ್ಡಾಯ ಬೇಡ ಅಂತಲೂ ಅವರು ಹೇಳಿದ್ದರು. ಇಲ್ಲಿ ಮೂರು ವರ್ಷದ ಮಗುವಿಗೂ ಅಳತೆ ತಗೊಂಡು ಹೊಲಿದುಕೊಟ್ಟಿದ್ದೇನೆ, ಅವರಮ್ಮ ದಂಡಕ್ಕೆ ಹೆದರಿ ಕೇಳಿದ್ದಕ್ಕೆ.

ಕಿವಿ ಕೇಳದ ಹುಡುಗಿಯೊಬ್ಬಳು ನನ್ನ ಗಿರಾಕಿ. ತುಟಿ ನೋಡಿ ಮಾತು ಅರ್ಥ ಮಾಡಿಕೊಳ್ಳುವವಳು. ಊರಿಗೆ ಊರೇ ಮಾಸ್ಕ್ ಹಾಕಿದಾಗ ಅವಳಿಗೆ ಇಡೀ ಊರು ಮೂಕವಾಯಿತು. ಸೀರೆ ಪ್ಯಾಕಿಂಗಿನ ದಪ್ಪ ಪ್ಲಾಸ್ಟಿಕ್ ಕತ್ತರಿಸಿ, ಬಾಯಿ ಕಾಣುವ ಹಾಗೆ ಕಿಟಕಿ ಇಟ್ಟು ಅವಳ ಅಮ್ಮನಿಗೆ ಒಂದು ಮಾಸ್ಕ್ ಹೊಲಿದೆ. ಎರಡು ನಿಮಿಷಕ್ಕೆ ಉಸಿರಿನ ಹಬೆ ಕಟ್ಟಿತು. ಒಳಗೆ ಸೋಪು ತಿಕ್ಕಿ ಒರೆಸಿದರೆ ಸ್ವಲ್ಪ ಹೊತ್ತು ತಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಇಂಥವರ ಬಗ್ಗೆ ಆದೇಶದಲ್ಲಿ ಒಂದು ಸಾಲು ಬೇಕು ಸರ್. ಒಬ್ಬ ಟೈಲರ್ ಊಹೆ ಮೇಲೆ ಮಾಡುವ ಕೆಲಸ ಅಲ್ಲ ಅದು.

ನಾವು ಹೊಲಿದ ಮಾಸ್ಕ್ ಬಗ್ಗೆಯೂ ನಿಜ ಹೇಳಬೇಕು. ಲಾಕ್‌ಡೌನ್‌ನಲ್ಲಿ ಅಂಗಡಿಗಳೆಲ್ಲ ಬಂದ್, ಎಲಾಸ್ಟಿಕ್ ಎಲ್ಲೂ ಇಲ್ಲ. ರವಿಕೆಗೆ ತಂದಿಟ್ಟ ಟೂ ಬೈ ಟೂ ಬಟ್ಟೆ ಕತ್ತರಿಸಿ, ಮೂರು ನೆರಿಗೆ ಹಿಡಿದು, ಎಲಾಸ್ಟಿಕ್ ಬದಲು ಬಟ್ಟೆಯದೇ ಲಾಡಿ ಇಟ್ಟೆವು. ನಮ್ಮ ಸ್ವಸಹಾಯ ಸಂಘದ ಒಂಬತ್ತು ಜನ ಸೇರಿ ಸಾವಿರಗಟ್ಟಲೆ ಹೊಲಿದೆವು. ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೂರು ಪದರ ಇರಲಿ ಅಂತು: ಒಳಗೆ ಬೆವರು ಹೀರುವ ಕಾಟನ್, ಹೊರಗೆ ನೀರು ಹಿಡಿಯದ ಪಾಲಿಯೆಸ್ಟರ್ ಥರದ್ದು, ನಡುವೆ ಸೋಸುವ ಪದರ. ನಮ್ಮದು ಎರಡೂ ಪದರ ಕಾಟನ್. ಯಾರೂ ಬಂದು ನಮಗೆ ಇದನ್ನು ಹೇಳಲಿಲ್ಲ. ಮುಂದೆ ಗಾಳಿ ಬಿಡುವ ಗುಂಡಿ ಇರುವ ಎನ್-95 ಹಾಕಿಕೊಂಡು ಸಾಹೇಬರ ಹಾಗೆ ಓಡಾಡಿದವರೂ ಇದ್ದರು. ಆ ಗುಂಡಿಯಿಂದ ಅವರ ಉಸಿರು ಸೋಸದೆ ಹೊರಗೆ ಬರುತ್ತದೆ, ಬಳಸಬೇಡಿ ಅಂತ ಕೇಂದ್ರದ ಆರೋಗ್ಯ ಇಲಾಖೆ ಜುಲೈನಲ್ಲಿ ರಾಜ್ಯಗಳಿಗೆ ಬರೆದಿತ್ತು. ಅವರಿಗೆ ದಂಡ ಇಲ್ಲ, ಸೆರಗು ಹಿಡಿದ ಅಜ್ಜಿಗೆ ದಂಡದ ಬೆದರಿಕೆ.

ಮಗಳು ನರ್ಸಿಂಗ್ ಓದುತ್ತಾಳೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದ ಬಗ್ಗೆ ಅವಳು ನನಗೆ ಹೇಳಿದಳು. ಕೇಳಿ ಎದ್ದು ಕೂತೆ. 600 ಹಳ್ಳಿ, ಸುಮಾರು ಮೂರೂವರೆ ಲಕ್ಷ ಜನ. ಅರ್ಧ ಹಳ್ಳಿಗಳಲ್ಲಿ ಮಾಸ್ಕ್ ಅನ್ನು ಮನೆಗೇ ತಂದು ಪುಕ್ಕಟೆ ಕೊಟ್ಟರು. ಸಂತೆಯಲ್ಲಿ, ಮಸೀದಿಯಲ್ಲಿ ಮತ್ತೆ ಕೊಟ್ಟರು. ಯಾಕೆ ಹಾಕಬೇಕು ಅಂತ ತಿಳಿಸಿ ಹೇಳಿದರು. ಊರಿನ ಮುಖಂಡರು, ಇಮಾಮರು ತಾವೇ ಹಾಕಿ ತೋರಿಸಿದರು. ಹಾಕದವರನ್ನು ದಾರಿಯಲ್ಲಿ ಕಂಡರೆ ಮೆಲ್ಲಗೆ ನೆನಪಿಸಿ, ಮಾಸ್ಕ್ ಇಲ್ಲದಿದ್ದರೆ ಅಲ್ಲೇ ಒಂದು ಕೊಟ್ಟರು. ದಂಡ ಇಲ್ಲ. ಸರಿಯಾಗಿ ಮಾಸ್ಕ್ ಹಾಕುವವರು ನೂರಕ್ಕೆ 13 ಇದ್ದದ್ದು 42 ಆಯಿತು. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳಲ್ಲಿ ಕಾಯಿಲೆ ಕಡಿಮೆಯಾಯಿತು, ಅದರಲ್ಲೂ 60 ದಾಟಿದವರಲ್ಲಿ ಮೂರನೇ ಒಂದು ಭಾಗದಷ್ಟು. ಬಟ್ಟೆ ಮಾಸ್ಕ್‌ನಿಂದ ಅಷ್ಟು ಸ್ಪಷ್ಟ ಲಾಭ ಕಾಣಲಿಲ್ಲ.

ಈ ಕೊನೆ ಮಾತು ಕೇಳಿದಾಗ ನನಗೆ ಸಂಕಟವಾಯಿತು. ರಾತ್ರಿ ಹನ್ನೆರಡರವರೆಗೆ ಕೂತು ಹೊಲಿದ ಕೈ ಇದು. ಆದರೂ ಜನರಿಗೆ ಅದು ಗೊತ್ತಾಗಬೇಕು. ಡೆನ್ಮಾರ್ಕ್‌ನಲ್ಲಿ ಆರು ಸಾವಿರ ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಹಾಕಿದವರಿಗೂ ಹಾಕದವರಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಅನ್ನುವುದನ್ನೂ ಮಗಳು ಮುಚ್ಚಿಡಲಿಲ್ಲ. ಅದನ್ನೇ ಹಿಡಿದು "ಮಾಸ್ಕ್ ವ್ಯರ್ಥ" ಅಂದವರು ಜಾಸ್ತಿ. ಆದರೆ ಆ ಅಧ್ಯಯನ ಹಾಕಿಕೊಂಡವರಿಗೆ ಎಷ್ಟು ರಕ್ಷಣೆ ಅಂತ ಮಾತ್ರ ನೋಡಿತ್ತು. ಅವರಿಂದ ಬೇರೆಯವರಿಗೆ ಹರಡುವುದು ತಪ್ಪಿತಾ ಅಂತ ನೋಡಿರಲಿಲ್ಲ. ಇಷ್ಟನ್ನು ಹತ್ತನೇ ಕ್ಲಾಸು ಓದಿದ ನನಗೆ ಮಗಳು ಅರ್ಧ ಗಂಟೆಯಲ್ಲಿ ತಿಳಿಸಿದಳು. ನಿಮ್ಮ ಇಲಾಖೆ ಇಡೀ ರಾಜ್ಯಕ್ಕೆ ತಿಳಿಸಲಾರದಾ?

ದೊಡ್ಡವರ ವಿಷಯ ಹೇಳದೆ ಬಿಟ್ಟರೆ ಈ ಪತ್ರ ಅರ್ಧವೇ. ಮದುವೆಗೆ ಐವತ್ತೇ ಜನ ಅಂತ ನಾವು ನೆಂಟರ ಹೆಸರು ಹೊಡೆದು ಹಾಕುತ್ತಿದ್ದಾಗ ಟಿವಿಯಲ್ಲಿ ಎಲ್ಲ ಪಕ್ಷದವರ ಸಭೆ, ಮೆರವಣಿಗೆ. ವೇದಿಕೆ ಮೇಲೆ ಒಬ್ಬರ ಮುಖದಲ್ಲೂ ಮಾಸ್ಕ್ ಇಲ್ಲ. ಇವರ ಮೇಲೆ ಯಾಕೆ ಕ್ರಮ ಇಲ್ಲ ಅಂತ ಹೈಕೋರ್ಟೇ ಸರ್ಕಾರವನ್ನು ಕೇಳಬೇಕಾಯಿತು. 2022ರ ಜನವರಿಯಲ್ಲಿ, ಮೂರನೇ ಅಲೆ ಏರುತ್ತಿದ್ದಾಗ, ರಾಜ್ಯದ ಸಚಿವರೊಬ್ಬರು ಮಾಸ್ಕ್ ಹಾಕುವುದು ಅವರವರಿಗೆ ಬಿಟ್ಟದ್ದು, ನನಗೆ ಹಾಕಬೇಕು ಅನಿಸಲಿಲ್ಲ, ಹಾಕಿಲ್ಲ ಅಂತ ಕ್ಯಾಮೆರಾ ಮುಂದೆ ಹೇಳಿದರು. ಅವತ್ತು ಸಂಜೆ ನನ್ನ ಅಂಗಡಿಯಲ್ಲಿ ನಾಲ್ಕು ಜನ ಅದೇ ಮಾತು ಹೇಳಿ ಮಾಸ್ಕ್ ತೆಗೆದರು. ನಾನು ಏನಂತ ಉತ್ತರ ಕೊಡಲಿ? 1918ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ಊರಲ್ಲಿ ಇನ್‌ಫ್ಲುಯೆಂಜಾ ಬಂದು ಮಾಸ್ಕ್ ಕಡ್ಡಾಯ ಮಾಡಿದ್ದರಂತೆ. ಬಾಕ್ಸಿಂಗ್ ನೋಡಲು ಹೋದ ಮೇಯರ್ ಮತ್ತು ಆರೋಗ್ಯಾಧಿಕಾರಿ ಮಾಸ್ಕ್ ಇಲ್ಲದೆ ಫೋಟೊದಲ್ಲಿ ಸಿಕ್ಕಿಬಿದ್ದು ಇಬ್ಬರೂ ದಂಡ ಕಟ್ಟಿದರಂತೆ. ನೂರು ವರ್ಷದ ಹಿಂದೆ ಅದು ಆಗಿದ್ದರೆ ಇಲ್ಲೂ ಆಗಬೇಕಲ್ಲ.

ಒಬ್ಬರೇ ಕಾರಲ್ಲಿ ಗಾಜು ಏರಿಸಿ ಹೋಗುವಾಗಲೂ ಮಾಸ್ಕ್ ಬೇಕಾ ಅನ್ನುವ ಜಗಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ದೆಹಲಿಯಲ್ಲಿ ಅದು ಕೋರ್ಟಿಗೂ ಹೋಗಿ, 2021ರ ಏಪ್ರಿಲ್‌ನಲ್ಲಿ ಬೇಕು ಅಂತ ಆಗಿ, 2022ರ ಫೆಬ್ರವರಿಯಲ್ಲಿ ಬೇಡ ಅಂತ ಆಯಿತು. ಇಂಥ ಒಂದು ನಿಯಮ ಸಾಕು, ಉಳಿದ ಒಳ್ಳೆ ನಿಯಮಗಳ ಮೇಲೂ ಜನರಿಗೆ ನಂಬಿಕೆ ಹೋಗಲು.

ನಿಮ್ಮ ಇಲಾಖೆಯ ಒಂದು ಒಳ್ಳೆ ಕೆಲಸವನ್ನೂ ಹೇಳಬೇಕು. 2023ರ ಡಿಸೆಂಬರ್‌ನಲ್ಲಿ ಕೊರೊನಾದ ಹೊಸ ತಳಿ ಬಂದಾಗ 60 ದಾಟಿದವರು, ಕಿಡ್ನಿ, ಹೃದಯ, ಲಿವರ್ ತೊಂದರೆ ಇರುವವರು ಮಾಸ್ಕ್ ಹಾಕಿ ಅಂತ ಸಲಹೆ ಬಂತು. ಯಾರಿಗೆ ಅಂತ ಬಿಡಿಸಿ ಹೇಳಿದ್ದರು. ಅತ್ತೆಗೆ ನಾನು ಅದನ್ನು ಓದಿ ಹೇಳಿದೆ, ಅವರು ಮರುಮಾತಿಲ್ಲದೆ ಹಾಕಿಕೊಂಡು ಜಾತ್ರೆಗೆ ಹೋದರು.

ಆದ್ದರಿಂದ ನನ್ನ ಕೋರಿಕೆ ಇದು. ಮುಂದಿನ ಸಾಂಕ್ರಾಮಿಕಕ್ಕೆ ಮಾಸ್ಕ್ ನಿಯಮವನ್ನು ಈಗಲೇ, ತಣ್ಣಗಿರುವಾಗ ಬರೆಸಿ. ರೇಷನ್ ಅಂಗಡಿಯಲ್ಲಿ ಅಕ್ಕಿ ಜೊತೆ ಒಳ್ಳೆ ಸರ್ಜಿಕಲ್ ಮಾಸ್ಕ್ ಪುಕ್ಕಟೆ ಸಿಗುವ ತನಕ ಯಾರಿಗೂ ದಂಡ ಹಾಕುವ ಹಾಗಿಲ್ಲ ಅಂತ ಅದರಲ್ಲಿ ಮೊದಲ ಸಾಲಿರಲಿ. ಬಸ್ಸು, ಆಸ್ಪತ್ರೆ, ಬಾಗಿಲು ಮುಚ್ಚಿದ ಆಫೀಸು, ಕಲ್ಯಾಣ ಮಂಟಪ, ಇಲ್ಲಿ ಬೇಕು. ಹೊಲದಲ್ಲಿ, ಮೂಟೆ ಹೊರುವಾಗ, ಒಬ್ಬರೇ ಇರುವಾಗ ಬೇಡ ಅಂತ ಕಾರಣದ ಜೊತೆ ಬರೆಯಲಿ. ಮನೆಮನೆಗೆ ಹೇಳಲು ಆಶಾ ಅಕ್ಕಂದಿರು ಇದ್ದಾರೆ, ಅವರಿಗೆ ಆ ಕೆಲಸದ ದುಡ್ಡು ತಪ್ಪದೆ ಕೊಡಿ. ದಂಡ ಇರಲೇಬೇಕು ಅಂತಾದರೆ ಮೊದಲ ರಸೀದಿ ವೇದಿಕೆ ಮೇಲಿನವರ ಹೆಸರಲ್ಲಿ ಹರಿಯಲಿ. ರಸೀದಿ ಪುಸ್ತಕ ಹಿಡಿದು ಬೀದಿಗೆ ಬರುವವರ ಚೀಲದಲ್ಲಿ ಐವತ್ತು ಮಾಸ್ಕ್ ಕೂಡ ಇರಲಿ.

ಕರಡು ಸಿದ್ಧವಾದಾಗ ಕನ್ನಡದಲ್ಲಿ ಗ್ರಾಮ ಪಂಚಾಯಿತಿ, ವಾರ್ಡ್ ಆಫೀಸುಗಳಿಗೆ ಕಳಿಸಿಕೊಡಿ. ನಮ್ಮ ಸಂಘದ ಒಂಬತ್ತು ಜನ ಕೂತು ಓದಿ, ನಮಗೆ ಅನಿಸಿದ್ದನ್ನು ಬರೆದು ಕಳಿಸುತ್ತೇವೆ. ಸೊಪ್ಪಿನ ಅಜ್ಜಿಗೆ ಓದಲು ಬರುವುದಿಲ್ಲ, ಅವರಿಗೆ ನಾನು ಓದಿ ಹೇಳುತ್ತೇನೆ. ಅವರು ಏನು ಹೇಳುತ್ತಾರೋ ಅದನ್ನೂ ಹಾಗೇ ಬರೆಯುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ಹೊಲಿಗೆಯವಳು