ಸಿಂಚನಾಗೆ ದೊಡ್ಡಮ್ಮನ ಪತ್ರ: ರಜೆಯಲ್ಲಿ ಓದಬೇಕಾದ ಪತ್ತೇದಾರಿ ಪುಸ್ತಕಗಳು

ಪ್ರೀತಿಯ ಸಿಂಚನಾ,

ದೊಡ್ಡಮ್ಮನ ಆಶೀರ್ವಾದಗಳು. ಪರೀಕ್ಷೆ ಮುಗಿಯಿತು, ರಜೆಗೆ ಒಳ್ಳೆಯ ಪತ್ತೇದಾರಿ ಕಾದಂಬರಿ ಹೇಳಿ ಎಂದು ಕೇಳಿದ್ದೀಯ. ಜೊತೆಗೆ ಒಂದು ದೂರನ್ನೂ ಬರೆದಿದ್ದೀಯ. ಈಚೆಗೆ ಓದಿದ ಥ್ರಿಲ್ಲರ್‌ಗಳಲ್ಲಿ ಅಧ್ಯಾಯಕ್ಕೊಂದು ತಿರುವು ಇರುತ್ತದೆ, ಆದರೆ ಪುಸ್ತಕ ಮುಚ್ಚಿದ ಮೇಲೆ ಏನೂ ನೆನಪಿರುವುದಿಲ್ಲ ಅಂತ. ನಿನ್ನ ದೂರು ನ್ಯಾಯವಾಗಿಯೇ ಇದೆ. ತಿರುವು ಕೊಡುವುದು ಸುಲಭ. ಅಲ್ಲಿಯವರೆಗೆ ಹೆಸರೇ ಕೇಳದ ಯಾರನ್ನೋ ಕೊನೆಯಲ್ಲಿ ತಂದು ನಿಲ್ಲಿಸಿದರೂ ತಿರುವು ಆಗುತ್ತದೆ. ಸುಳಿವನ್ನೆಲ್ಲ ನಿನ್ನ ಕಣ್ಣೆದುರೇ ಇಟ್ಟು, ಆದರೂ ಅದು ನಿನಗೆ ಕಾಣದಂತೆ ಮಾಡುವುದು ಕಷ್ಟ. ಹಾಗೆ ಬರೆದ ಪುಸ್ತಕಗಳನ್ನು ಹುಡುಕಿ ಓದು. ಉತ್ತರ ಗೊತ್ತಾದ ಮೇಲೂ ಅವು ಸಪ್ಪೆಯಾಗುವುದಿಲ್ಲ.

ಅಗಾಥಾ ಕ್ರಿಸ್ಟಿಯಿಂದ ಶುರು ಮಾಡು. ಮೊದಲನೇ ಮಹಾಯುದ್ಧದ ಕಾಲದಲ್ಲಿ ಆಕೆ ಇಂಗ್ಲೆಂಡಿನ ಟಾರ್ಕಿ ಊರಿನ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕೆಲಸ ಮಾಡಿದ್ದರು. ಯಾವ ಔಷಧಿ ಎಷ್ಟು ಹೆಚ್ಚಾದರೆ ವಿಷವಾಗುತ್ತದೆ ಎನ್ನುವುದನ್ನು ಅಲ್ಲೇ ಕಲಿತರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ನಲ್ಲಿ ಆ ತಿಳಿವಳಿಕೆ ಪೂರ್ತಿ ಕೆಲಸಕ್ಕೆ ಬಂದಿದೆ. ಬೆಲ್ಜಿಯಂನ ಪತ್ತೇದಾರ ಪ್ವಾರೊ ಮೊದಲು ಕಾಣಿಸಿಕೊಳ್ಳುವುದೂ ಅದರಲ್ಲೇ. ಅದನ್ನು ಓದಿ, ಆ ಮನುಷ್ಯನ ರೀತಿನೀತಿ ಸ್ವಲ್ಪ ಅಭ್ಯಾಸವಾದ ಮೇಲೆ 1926ರ ‘ದಿ ಮರ್ಡರ್ ಆಫ್ ರೋಜರ್ ಆಕ್‌ರಾಯ್ಡ್’ ಕೈಗೆತ್ತಿಕೋ. ಈ ಎರಡನ್ನು ಹಿಂದುಮುಂದು ಮಾಡಬೇಡ.

ಆಕ್‌ರಾಯ್ಡ್ ಓದಿ ಮುಗಿಸುವ ತನಕ ಅದರ ಹೆಸರನ್ನು ಫೋನಿನಲ್ಲಿ ಹುಡುಕಲೂ ಬೇಡ. ಬೆನ್ನುಪುಟವನ್ನೂ ನೋಡಬೇಡ. ಯಾರಾದರೂ ಗೆಳತಿ ‘ಅದಾ, ಅದರಲ್ಲಿ...’ ಎಂದು ಬಾಯಿ ತೆಗೆದರೆ ಎದ್ದು ಹೋಗು. ಗುಟ್ಟು ಗೊತ್ತಿಲ್ಲದೆ ಓದುವ ಸುಖ ಒಂದು ಪುಸ್ತಕಕ್ಕೆ ಒಂದೇ ಸಲ, ಅಲ್ವಾ? ಓದುಗರಿಗೆ ಹೀಗೆ ಮಾಡಬಹುದೇ, ಇದು ಮೋಸವಲ್ಲವೇ ಎಂದು ಆಗಲೇ ಜಗಳ ಎದ್ದಿತ್ತು. ನನ್ನ ಪ್ರಕಾರ ಮೋಸವಿಲ್ಲ. ಮುಗಿದ ಕೂಡಲೇ ಕೊಲೆಯಾದ ಸಂಜೆಯ ಪುಟಗಳಿಗೆ ಹಿಂದಿರುಗಿ ಒಂದೊಂದೇ ವಾಕ್ಯ ನಿಧಾನವಾಗಿ ಓದು. ಒಂದು ಸುಳ್ಳೂ ಇಲ್ಲ. ಬರವಣಿಗೆ ಎಂದರೆ ಏನು ಎನ್ನುವುದಕ್ಕೆ ನಾನು ಎಷ್ಟೋ ದೊಡ್ಡ ದೊಡ್ಡ ಪುಸ್ತಕಗಳಿಗಿಂತ ಆ ಕೆಲವು ಪುಟಗಳನ್ನು ತೋರಿಸುತ್ತೇನೆ.

ಶೆರ್ಲಾಕ್ ಹೋಮ್ಸ್ ನಿನಗೆ ಗೊತ್ತೇ ಇದೆ. ‘ದಿ ಹೌಂಡ್ ಆಫ್ ದಿ ಬಾಸ್ಕರ್‌ವಿಲ್ಸ್’ ಒಂದನ್ನು ಬಿಡಬೇಡ, ಅಷ್ಟು ಸಾಕು.

ನಿನಗೆ ನಾನು ಮನಸಾರೆ ಓದಿಸಬೇಕೆಂದಿರುವುದು ವಿಲ್ಕಿ ಕಾಲಿನ್ಸ್ ಬರೆದ ‘ದಿ ಮೂನ್‌ಸ್ಟೋನ್’. 1868ರ ಪುಸ್ತಕ ಎಂದು ಹೆದರಬೇಡ. ಕಥೆ ಶುರುವಾಗುವುದು ನಮ್ಮ ಶ್ರೀರಂಗಪಟ್ಟಣದಲ್ಲಿ! 1799ರಲ್ಲಿ ಟಿಪ್ಪುವಿನ ಕೋಟೆ ಬಿದ್ದ ದಿನ, ಲೂಟಿಯ ಗದ್ದಲದಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ಒಂದು ಹಳದಿ ವಜ್ರವನ್ನು ಹೊಡೆದುಕೊಂಡು ಹೋಗುತ್ತಾನೆ. ಅದು ಒಂದು ಕಾಲದಲ್ಲಿ ಚಂದ್ರದೇವರ ವಿಗ್ರಹದ ಹಣೆಯಲ್ಲಿದ್ದ ವಜ್ರ. ಎಷ್ಟೋ ವರ್ಷಗಳ ಮೇಲೆ ಅದು ಯಾರ್ಕ್‌ಷೈರಿನ ಒಂದು ಮನೆಯಲ್ಲಿ ಹದಿನೆಂಟು ತುಂಬಿದ ಹುಡುಗಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬರುತ್ತದೆ. ಅದೇ ರಾತ್ರಿ ಮಾಯ. ಮುಂದಿನ ಕಥೆಯನ್ನು ಒಬ್ಬರಲ್ಲ, ಹಲವರು ಹೇಳುತ್ತಾರೆ. ಪ್ರತಿಯೊಬ್ಬರೂ ತಾವು ಕಂಡಷ್ಟನ್ನೇ ಹೇಳಬೇಕು ಎಂಬುದು ಕಟ್ಟುಪಾಡು. ಮುದುಕ ಮೇಲಾಳು ಬೆಟರೆಜ್ ಹೇಳುವ ಭಾಗ ಮೊದಮೊದಲು ನಿಧಾನ ಅನ್ನಿಸಬಹುದು. ತಾಳ್ಮೆಯಿಂದಿರು, ಆಮೇಲೆ ಅವನನ್ನು ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. ಬ್ರಿಟಿಷ್ ಸಾಮ್ರಾಜ್ಯ ಉಚ್ಛ್ರಾಯದಲ್ಲಿದ್ದಾಗಲೇ ಒಬ್ಬ ಇಂಗ್ಲಿಷ್ ಲೇಖಕ ವಜ್ರವನ್ನು ಲೂಟಿ ಮಾಡಿದವನು ತಮ್ಮ ಇಂಗ್ಲಿಷರವನೇ ಎಂದು ಬರೆದನಲ್ಲ, ಅದಕ್ಕಾಗಿ ಆತನ ಮೇಲೆ ನನಗೆ ತುಂಬಾ ಗೌರವ.

ಕನ್ನಡದ್ದೇ ಓದಬೇಕು ಅನ್ನಿಸಿದರೆ ಎನ್. ನರಸಿಂಹಯ್ಯನವರಿದ್ದಾರೆ. ಶಾಲೆಯ ಓದು ಕಡಿಮೆ, ಬರೆದದ್ದು ನೂರಾರು ಕಾದಂಬರಿ. ‘ಪತ್ತೇದಾರ ಪುರುಷೋತ್ತಮ’ನಿಂದ ಓದುವ ರುಚಿ ಹತ್ತಿಸಿಕೊಂಡವರು ನಮ್ಮ ಮನೆಯಲ್ಲೇ ಇದ್ದಾರೆ, ನಿನ್ನ ಅಜ್ಜಿಯನ್ನೇ ಕೇಳು. ನಮ್ಮ ಹಳದಿ-ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿ ಬರೆದವರೇ. ಇವನ್ನೆಲ್ಲ ಕೀಳು ಎನ್ನುವವರ ಮಾತಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡ. ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ ಅಂತೂ ಓದಲೇಬೇಕು. ಏಲಕ್ಕಿ ಬೆಳೆಯುವ ಒಂದು ಯುವ ದಂಪತಿಯ ಬೆನ್ನು ಹಿಡಿದು ಹೋದರೆ ಮಲೆನಾಡಿನ ಕಾಡಿನೊಳಗಿನ ಕಳ್ಳ ವ್ಯವಹಾರವೆಲ್ಲ ಬಿಚ್ಚಿಕೊಳ್ಳುತ್ತದೆ.

ರೋಚಕತೆ ಜಾಸ್ತಿ ಬೇಕಾದ ದಿನ ಫ್ರೆಡರಿಕ್ ಫೋರ್ಸೈತ್ ಬರೆದ ‘ದಿ ಡೇ ಆಫ್ ದಿ ಜಾಕಲ್’ ತೆಗೆದುಕೋ. ಫ್ರಾನ್ಸಿನ ಅಧ್ಯಕ್ಷ ಡಿಗಾಲ್‌ರನ್ನು ಕೊಲ್ಲಲು ಒಬ್ಬ ಬಾಡಿಗೆ ಹಂತಕ ಹೊರಟಿದ್ದಾನೆ. ಡಿಗಾಲ್ ತೀರಿಕೊಂಡದ್ದು 1970ರಲ್ಲಿ, ತಮ್ಮ ಮನೆಯಲ್ಲೇ. ಪುಸ್ತಕ ಬಂದದ್ದು 1971ರಲ್ಲಿ. ಅಂದರೆ ಹಂತಕ ಸೋಲುತ್ತಾನೆ ಎಂದು ಓದುವವರಿಗೆಲ್ಲ ಮೊದಲೇ ಗೊತ್ತು. ಆದರೂ ಕೊನೆಯ ಪುಟದವರೆಗೆ ಉಸಿರು ಬಿಗಿಹಿಡಿದೇ ಓದುತ್ತೇವೆ. ಸುಳ್ಳು ಪಾಸ್‌ಪೋರ್ಟು ಹೇಗೆ, ಬಂದೂಕು ಹೇಗೆ ಎಂದು ಒಂದೊಂದೇ ಕೆಲಸ ನಮ್ಮೆದುರು ನಡೆಯುತ್ತದೆ, ಅದೇ ಎದೆ ನಡುಗಿಸುತ್ತದೆ.

ಕೊನೆಗೆ ಓದಬೇಕಾದದ್ದು ಜಪಾನಿನ ಕೀಗೊ ಹಿಗಾಶಿನೊ ಬರೆದ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’. 2005ರದ್ದು. ಊಟದ ಡಬ್ಬಿ ಮಾರುವ ಅಂಗಡಿಯಲ್ಲಿ ದುಡಿಯುವ ಯಾಸುಕೊ, ಕಾಟ ಕೊಡಲು ಬಂದ ಮಾಜಿ ಗಂಡ, ಪಕ್ಕದ ಮನೆಯ ಗಣಿತದ ಮೇಷ್ಟ್ರು ಇಶಿಗಾಮಿ. ಕೊಲೆ ಶುರುವಿನಲ್ಲೇ ನಮ್ಮ ಕಣ್ಣೆದುರು ಆಗಿಹೋಗುತ್ತದೆ. ಯಾರು, ಯಾಕೆ, ಎಲ್ಲಾ ಗೊತ್ತು. ಹಾಗಿದ್ದರೆ ಮುಚ್ಚಿಟ್ಟಿರುವುದು ಏನು? ಅದನ್ನು ನೀನೇ ಕಂಡುಹಿಡಿಯಬೇಕು. ಈ ಪುಸ್ತಕವನ್ನು ಒಂದೇ ರಾತ್ರಿಯಲ್ಲಿ ಓಡಿಸಬೇಡ. ಅರ್ಧಕ್ಕೆ ನಿಲ್ಲಿಸಿ, ನಿನ್ನ ಊಹೆಯನ್ನು ಒಂದು ಹಾಳೆಯಲ್ಲಿ ಬರೆದಿಟ್ಟು ಮುಂದಕ್ಕೆ ಹೋಗು.

ಮುಗಿದ ಕೂಡಲೇ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಪರವಾಗಿಲ್ಲ. ಇಶಿಗಾಮಿ ಮಾಡಿದ್ದು ಪ್ರೀತಿಯೇ ಎಂದು ನಿಮ್ಮಮ್ಮ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ನೀನು ಏನು ಹೇಳುತ್ತೀಯ ಎಂದು ಕೇಳಬೇಕು.

ಇಂತಿ,
ನಿನ್ನ ದೊಡ್ಡಮ್ಮ